ಅಡ್ಡದಾರಿ ಹಿಡಿದ ರಕ್ತನಾಳ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ದಿನ ಮಾತ್ರ ಕೋಪ ಬಂದದ್ದು ಮನುಷ್ಯರ ಮೇಲಲ್ಲ, ಒಂದು ರಕ್ತನಾಳದ ಮೇಲೆ.

ರೋಗಿ ಬಸ್ ಡ್ರೈವರ್. ಅನ್ನನಾಳದಲ್ಲಿ ಕ್ಯಾನ್ಸರ್. ಹಿಂದೊಮ್ಮೆ ತಂಗಿಯ ಯಕೃತ್ತು ಕೈಕೊಟ್ಟಾಗ ತಮ್ಮ ಯಕೃತ್ತಿನ ಬಲಭಾಗ ಕೊಟ್ಟು ಬದುಕಿಸಿದವರು. "ಹಂಚೋಕೆ ಅಪ್ಪ ಆಸ್ತಿ ಮಾಡಿರ್ಲಿಲ್ಲ ಡಾಕ್ಟ್ರೇ. ನನ್ನ ಹತ್ರ ಇದ್ದಿದ್ರಲ್ಲೇ ಪಾಲು ಕೊಟ್ಟೆ," ಎಂದು ನಕ್ಕಿದ್ದರು.

ಅವರಲ್ಲಿ ಉಳಿದ ಎಡಭಾಗವೇ ಬೆಳೆದು ಈಗ ಅಷ್ಟೂ ಕೆಲಸ ಮಾಡುತ್ತಿತ್ತು. ತೊಂದರೆ ಇದ್ದದ್ದು ಅದಕ್ಕೆ ರಕ್ತ ಬರುವ ದಾರಿಯಲ್ಲಿ. ಸಾಮಾನ್ಯವಾಗಿ ಯಕೃತ್ತಿನ ನಾಳ ಬೇರೆ, ಜಠರದ ನಾಳ ಬೇರೆ. ಇವರಿಗೆ ಯಕೃತ್ತಿನ ಏಕೈಕ ನಾಳ ಜಠರದ ನಾಳದಿಂದಲೇ ಕವಲೊಡೆದಿತ್ತು. ಅನ್ನನಾಳ ತೆಗೆಯುವಾಗ ಜಠರದ ಆ ನಾಳವನ್ನು ಬುಡದಲ್ಲೇ ಕತ್ತರಿಸುವುದು ನಮ್ಮ ರೂಢಿ. ಕ್ಯಾನ್ಸರ್ ಹರಡಿರಬಹುದಾದ ಗ್ರಂಥಿಗಳೆಲ್ಲ ಅದರ ಸುತ್ತಲೇ ಇರುತ್ತವೆ. ಇಲ್ಲಿ ಹಾಗೆ ಮಾಡಿದರೆ ಕ್ಯಾನ್ಸರೂ ಹೋಗುತ್ತದೆ, ರೋಗಿಯೂ ಹೋಗುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನಾನು ಮೂಲೆಯಲ್ಲಿ ರೋಬೋಟ್ ನಡೆಸುವ ಕನ್ಸೋಲಿನಲ್ಲಿ ಕೂತು ಕಣ್ಣು ನೆಟ್ಟೆ. ನನ್ನ ಬೆರಳು ಅಲುಗಿದಂತೆ ಅತ್ತ ರೋಬೋಟಿನ ಕೈಗಳು ಅವರ ಹೊಟ್ಟೆಯೊಳಗೆ ಅಲುಗಿದವು. ಗ್ರಂಥಿಗಳನ್ನು ಒಂದೊಂದಾಗಿ ನಾಳದಿಂದ ಬಿಡಿಸುತ್ತಾ ಹೋದೆ. ಕೊನೆಯದೊಂದು ಮಾತ್ರ ಮಾವನ ಮನೆಗೆ ಬಂದ ಅಳಿಯನಂತೆ ಜಪ್ಪಯ್ಯ ಎಂದರೂ ಏಳಲಿಲ್ಲ.

ಅರಿವಳಿಕೆ ವೈದ್ಯರನ್ನು ನಾವು 'ಗಡಿಯಾರ' ಎನ್ನುತ್ತೇವೆ. "ಮೇಡಂ, ಬಹಳ ಹೊತ್ತಾಯ್ತು. ಅದೊಂದು ಬಿಟ್ಟು ಮುಗಿಸಿ," ಎಂದರು.

"ಬಿಟ್ರೆ ಕ್ಯಾನ್ಸರ್ ಮತ್ತೆ ಬರುತ್ತೆ ಸಾರ್. ನೀವು ನಿದ್ದೆ ನೋಡ್ಕೊಳ್ಳಿ, ಇದನ್ನ ನಾನು ನೋಡ್ಕೋತೀನಿ."

ಅಂದ ಬಾಯಿ ಮುಚ್ಚುವ ಮೊದಲೇ ಸಣ್ಣ ಕವಲೊಂದು ಹರಿದು ಪರದೆಯೆಲ್ಲ ಕೆಂಪಾಯಿತು. ಮುಖ್ಯ ನಾಳಕ್ಕೇ ಕ್ಲಿಪ್ ಹಾಕಿದರೆ ರಕ್ತ ನಿಲ್ಲುತ್ತದೆ, ಯಕೃತ್ತು ಸಾಯುತ್ತದೆ. ಸುಳ್ಳೇಕೆ ಹೇಳಲಿ, ಭಯವಾಯಿತು. ಗಾಜ್ ಬಟ್ಟೆ ಇಟ್ಟು ಒತ್ತಿ ಹಿಡಿದೆ. ನಮ್ಮ ರೋಬೋಟಿನಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಎಷ್ಟು ಒತ್ತುತ್ತಿದ್ದೇನೆಂದು ಕಣ್ಣಲ್ಲೇ ಅಳೆಯಬೇಕು. ಹೆಚ್ಚಾದರೆ ನಾಳವೇ ಜಜ್ಜಿಹೋಗುತ್ತದೆ. ಗಾಜ್ ಎತ್ತಿದಾಗ ರಕ್ತ ಒಸರುವ ಜಾಗ ಕಂಡಿತು, ಅಲ್ಲಿಗೇ ಒಂದು ಹೊಲಿಗೆ ಹಾಕಿದೆ. ಆಮೇಲೆ ಆ ಮೊಂಡು ಗ್ರಂಥಿಯನ್ನೂ ಬಿಡಿಸಿದೆ. ಯಕೃತ್ತಿನ ಕವಲನ್ನು ಹಾಗೇ ಉಳಿಸಿ, ಅದರಾಚೆಗೆ ಜಠರದ ನಾಳವನ್ನು ಕತ್ತರಿಸಿದೆ. ಉಳಿದ ನಾಳ ಮಿಡಿಯುತ್ತಿತ್ತು. ಯಕೃತ್ತಿನ ಬಣ್ಣ ಬದಲಾಗಲಿಲ್ಲ. ಅನ್ನನಾಳ ತೆಗೆದು, ಜಠರವನ್ನು ಮೇಲಕ್ಕೆಳೆದು ಜೋಡಿಸುವ ಉಳಿದ ಕೆಲಸವೂ ಮುಗಿಯಿತು.

ಹೊರಗೆ ಬಾಗಿಲ ಬಳಿಯೇ ತಂಗಿ ನಿಂತಿದ್ದರು. "ನಿಮ್ಮಣ್ಣ ಚೆನ್ನಾಗಿದಾರೆ. ಲಿವರ್‌ಗೂ ಏನೂ ಆಗಿಲ್ಲ," ಎಂದೆ. ಅವರು ಗೋಡೆ ಹಿಡಿದು ಕೂತರು. ತುಟಿ ಒಣಗಿ ಬಿರಿದಿತ್ತು.

"ನೀರಾದ್ರೂ ಕುಡಿದಿದೀರಾ?"

"ಇಲ್ಲ ಡಾಕ್ಟ್ರೇ. ಆಪರೇಷನ್ನಿಗೆ ಖಾಲಿ ಹೊಟ್ಟೇಲಿ ಇರ್ಬೇಕಲ್ವಾ?"

"ಅಯ್ಯೋ, ಅದು ನಿಮ್ಮಣ್ಣನಿಗೆ ಹೇಳಿದ್ದು ಕಣಮ್ಮಾ."

"ಗೊತ್ತು. ಅವನ ಲಿವರ್ ಏನಾದ್ರೂ ಕೆಟ್ರೆ, ನನ್ನಲ್ಲಿರೋದನ್ನ ತಡಮಾಡ್ದೆ ತೆಗೆದು ಅವನಿಗೆ ಹಾಕ್ಬಹುದಲ್ಲ ಅಂತ."

"ಮತ್ತೆ ನೀವು?"

"ನಂಗೆ ಇಷ್ಟು ವರ್ಷ ಸಿಕ್ತಲ್ಲ."

ಬೈಯಬೇಕೆಂದುಕೊಂಡೆ, ಬೈಯಲಿಲ್ಲ. ತೋಳು ಹಿಡಿದು ಕ್ಯಾಂಟೀನಿಗೆ ಕರೆದೊಯ್ದು ಎದುರಿಗೇ ಕೂತೆ. ಅವರು ತಿಂದು ಮುಗಿಸುವವರೆಗೂ ನಾನು ಎದ್ದೇಳಲಿಲ್ಲ.