ಇನಾಮದಾರ ವಾಡೆಯಲ್ಲಿ ಜಿನ್ನು

ಹತ್ತಿ ವ್ಯಾಪಾರಿ ಉಳವಪ್ಪ ಬೈಲಹೊಂಗಲದ ಇನಾಮದಾರ ವಾಡೆಯನ್ನು ಕೊಂಡದ್ದು ೧೯೫೩ರಲ್ಲಿ, ಅರಳೆ ಬಿಡಿಸುವ ಜಿನ್ನು ಹಾಕಲಿಕ್ಕೆ. ಇನಾಮು ರದ್ದಾಗಿತ್ತು. ಮನೆಯ ಒಡತಿ, ನಡುವಯಸ್ಸಿನ ವಿಧವೆ ಗಂಗೂಬಾಯಿ, ಹಿತ್ತಲ ಕಡೆಯ ಎರಡು ಖೋಲಿ ಇಟ್ಟುಕೊಂಡು ಉಳಿದದ್ದನ್ನು ಬರೆದುಕೊಟ್ಟಿದ್ದರು.

ಯಂತ್ರ ಕೂಡಿಸಲು ಬಂದವನು ರಹಿಮಾನಸಾಬ ಮಿಸ್ತ್ರಿ. ತಗಡಿನ ಶೆಡ್ಡುಗಳಲ್ಲೇ ಅರ್ಧ ಆಯುಷ್ಯ ಕಳೆದವನು. ಪಡಸಾಲೆಗೆ ಕಾಲಿಟ್ಟವನೇ ಅಳತೆಯ ಟೇಪು ಮರೆತು ಮೇಲೆ ನೋಡುತ್ತ ನಿಂತುಬಿಟ್ಟ. ಹದಿನಾರು ಸಾಗವಾನಿ ಕಂಬ, ಕಂಬಕ್ಕೊಂದು ಜೋಡಿ ಕೆತ್ತಿದ ಗಿಳಿ. ತೊಲೆ ಕಂಬ ಸೇರುವಲ್ಲೆಲ್ಲ ಬೆರಳಾಡಿಸಿ ನೋಡಿದ. ಎಲ್ಲಿಯೂ ಒಂದು ಮೊಳೆಯಿಲ್ಲ.

ತೊಡಕು ಎದುರಾದದ್ದು ಅಲ್ಲೇ. ಎಂಟು ಜಿನ್ನು ತಿರುಗಿಸುವ ಉದ್ದನೆಯ ಷಾಫ್ಟಿಗೆ ನಡುವಿನ ಎರಡು ಕಂಬ ಅಡ್ಡ ಬರುತ್ತಿದ್ದವು.

"ಕೊಯ್ದ ಬಿಡ್ರಿ ಮಿಸ್ತ್ರಿ. ಕಬ್ಬಿಣದ ತೊಲಿ ಕೊಟ್ರ ಆತು," ಎಂದ ಉಳವಪ್ಪ.

ರಹಿಮಾನಸಾಬ ಗರಗಸ ಹಿಡಿದು ಕಂಬದ ಮುಂದೆ ಕುಳಿತ. ಕೈ ಏಳಲಿಲ್ಲ. "ಒಂದ ದಿನ ತಡೀರಿ, ಸಾವಕಾರ್ರ."

"ಸುಗ್ಗಿ ಮೈಮ್ಯಾಲೆ ಬಂದೈತಿ!"

"ಒಂದ ದಿನ."

ಉಳವಪ್ಪ ಗೊಣಗುತ್ತ ಹೋದ. ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಗಂಗೂಬಾಯಿ ಒಳಗೆ ಬಂದರು.

"ಯಾಕ, ಕೊಯ್ಯಲಿಲ್ಲ?"

"ಮನಸ ಒಪ್ಪವಲ್ದ್ರಿ ಬಾಯಾರ. ಕೊಯ್ಯದಿದ್ರ ಷಾಫ್ಟ ಹೋಗೂದಿಲ್ಲ."

ಅವರು ಕಾಲಕೆಳಗಿನ ನೆಲ ನೋಡಿ, "ಮ್ಯಾಲೆ ಹೋಗದಿದ್ರ ಕೆಳಗ ಹೋದೀತೇನು?" ಎಂದರು.

ಕಂದೀಲು ಹಚ್ಚಿಕೊಂಡು ಉಗ್ರಾಣದ ಮೂಲೆಯ ಹಲಗೆ ಎತ್ತಿಸಿದರು. ಹನ್ನೊಂದು ಮೆಟ್ಟಿಲು. ಇಡೀ ಪಡಸಾಲೆಯ ಕೆಳಗೆ ಕಲ್ಲಿನ ಕಮಾನುಗಳ ನೆಲಮಾಳಿಗೆ!

"ನಾ ಮದಿವ್ಯಾಗಿ ಬಂದಾಗ ಇದರ ತುಂಬ ಜ್ವಾಳ ಇತ್ತು. ಈಗ ಬರೇ ಗಾಳಿ ಅದ."

"ಸಾವಕಾರ್ರಿಗೆ ತೋರಸ್ಲಿಲ್ಲೇನ್ರಿ?"

"ಕೇಳಿದ್ರ ತೋರಸ್ತಿದ್ದೆ. ಕಂಬಕ್ಕ ಕೈ ಹಚ್ಚತಾರಂತ ನನಗೇನ ಗೊತ್ತು?"

ರಹಿಮಾನಸಾಬ ನೆಲಕ್ಕೆ ಸುತ್ತಿಗೆ ಕುಟ್ಟಿದ. ಠಣ್ ಎಂದಿತು, ಕೆಳಗೆ ಹಾಸುಬಂಡೆ. ಇಂಥ ತಳಪಾಯ ಹಾಕಿದ ಆ ಹೆಸರು ಗೊತ್ತಿಲ್ಲದ ಗೌಂಡಿಗೆ ಅವನು ಮನಸ್ಸಿನಲ್ಲೇ ಸಲಾಮು ಮಾಡಿದ.

ಮರುದಿನ ಉಳವಪ್ಪನೂ ಇಳಿದು ನೋಡಿ, "ಅಬಬಬ!" ಎಂದವನು ಮತ್ತೆ ಗರಗಸದ ಮಾತೆತ್ತಲಿಲ್ಲ. ಷಾಫ್ಟು ನೆಲಮಾಳಿಗೆಯಲ್ಲಿ ಕೂತಿತು. ಕಮಾನುಗಳ ನಡುವೆ ಪಡಸಾಲೆಯ ಕೆಲವು ಹಾಸುಗಲ್ಲು ತೆಗೆದು, ಆ ಸಂದಿಯಿಂದ ಷಾಫ್ಟು ತಿರುಗಿಸುವ ಚರ್ಮದ ಪಟ್ಟಾಗಳನ್ನು ಮೇಲಿನ ಜಿನ್ನುಗಳಿಗೆ ಏರಿಸಿದರು. ಇಪ್ಪತ್ತು ದಿನದ ಕೆಲಸ.

ಅಂಗಳದ ಎಂಜಿನ್ನು ಮೊದಲ ಸಲ ಗುಡುಗಿದಾಗ ಎಲ್ಲರೂ ತಲೆಯ ಮೇಲಿನ ಮಣ್ಣ ಮಾಳಿಗೆಯನ್ನೇ ನೋಡಿದರು. ಒಂದು ಚಿಟಿಕೆ ಮಣ್ಣೂ ಉದುರಲಿಲ್ಲ. ಜಿನ್ನಿನ ಬಾಯಿಂದ ಬೆಳ್ಳನೆಯ ಅರಳೆ ನೊರೆಯಂತೆ ಉಕ್ಕಿತು.

ಹತ್ತಿ ಹಾಕುವ ಕೆಲಸಕ್ಕೆ ಊರಿನ ಹೆಣ್ಣುಮಕ್ಕಳು ಬಂದಿದ್ದರು. ಅವರಲ್ಲಿ ಯಲ್ಲವ್ವ ಮಾತ್ರ ಹೊಸ್ತಿಲಾಚೆಯೇ ನಿಂತಿದ್ದಳು. ಇಪ್ಪತ್ತು ವರ್ಷ ಈ ವಾಡೆಯ ಕಾಳು ಹಸನು ಮಾಡಿದವಳು, ಅಂಗಳದಲ್ಲೇ. ಊರಾಚೆಯ ಕೇರಿಯವಳೆಂದು, ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

ಗಂಗೂಬಾಯಿ ಅವಳನ್ನು ನೋಡಿದರು. ಮುಖ ಒಮ್ಮೆ ಕೆಂಪಾಯಿತು. ತಾವೇ ಬಾಗಿಲಿಗೆ ಹೋಗಿ ಅವಳ ಕೈ ಹಿಡಿದರು.

"ಬಾ ಯಲ್ಲವ್ವ. ನಾ ಎಂದೋ ಕರೀಬೇಕಿತ್ತು."

ಯಲ್ಲವ್ವ ಸೆರಗಿನಿಂದ ಅಂಗಾಲು ಒರೆಸಿಕೊಂಡು ಒಳಗೆ ಬಂದಳು.