ಒಬ್ಬರಿಗೋ, ಇಬ್ಬರಿಗೋ

"ಒಬ್ಬರಿಗೋ ಇಬ್ಬರಿಗೋ, ಹೇಳಿಬಿಡಿ ಅಮ್ಮ. ನೆಲ ಗಟ್ಟಿ ಇದೆ, ಈಗ್ಲೇ ಶುರು ಮಾಡಿದ್ರೆ ಮಧ್ಯಾಹ್ನದೊಳಗೆ ಆಗುತ್ತೆ."

ಸಮಾಧಿ ತೋಡುವವನು ಬಾಗಿಲ ಹೊರಗೇ ನಿಂತು ಕೇಳಿದಾಗ ಆಕೆ ಗಂಡನ ಟೈ ಸರಿಮಾಡುತ್ತಿದ್ದಳು. ಬದುಕಿದ್ದಷ್ಟು ಕಾಲ ಒಂದು ಭಾನುವಾರವೂ ನೆಟ್ಟಗೆ ನಿಲ್ಲದ ಗಂಟು ಇವತ್ತು ಹೇಳಿದ ಮಾತು ಕೇಳುತ್ತಿತ್ತು.

"ಇಬ್ಬರಿಗೆ ಅಂದ್ರೆ?" ಮಗಳು ಕೇಳಿದಳು.

"ಜೋಡಿ ಜಾಗ ಕಣಮ್ಮ. ಇವರದ್ದು ಒಂದು ಕಡೆ, ಪಕ್ಕದ್ದು ಮುಂದಕ್ಕೆ ಅಮ್ಮನಿಗೆ. ದುಡ್ಡು ಎರಡರಷ್ಟಾಗುತ್ತೆ. ಇವತ್ತು ಹಿಡೀಲಿಲ್ಲ ಅಂದ್ರೆ ಪಕ್ಕದ ಜಾಗ ಬೇರೆ ಯಾರಿಗೋ ಹೋಗುತ್ತೆ."

"ಒಬ್ಬರಿಗೆ ಸಾಕಪ್ಪ," ಎಂದುಬಿಟ್ಟಳು ಆಕೆ.

"ಅಮ್ಮಾ, ದುಡ್ಡಿದೆ."

"ಇದ್ರೆ? ಇದ್ದದ್ದನ್ನೆಲ್ಲ ಮಣ್ಣಿಗೆ ಹಾಕ್ಬೇಕಾ? ನಿಮ್ಮಪ್ಪ ಕೇಳಿಸ್ಕೊಂಡ್ರೆ ಎದ್ದು ಕೂರ್ತಾರೆ ಅಷ್ಟೆ."

ಮಗಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸಮಾಧಿ ತೋಡುವವನು ತಲೆಯಾಡಿಸಿ ಹೊರಟುಹೋದ. ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಆಕೆ ಟೈ ಬಿಟ್ಟು ಬಾಗಿಲಿಗೆ ಬಂದಿದ್ದಳು. ಬೇಕಿತ್ತು, ತನಗೆ ಆ ಪಕ್ಕದ ಜಾಗ ಬೇಕೇ ಬೇಕಿತ್ತು. ಆದರೆ ಇವರಿಗೆ ಬೇಕಿತ್ತೇ? ಕೇಳೋಣವೆಂದರೆ ಈ ಮನುಷ್ಯ ಹೀಗೆ ಮಲಗಿಬಿಟ್ಟಿದ್ದಾರೆ.

*

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗಂಡನಿಗೆ ಪ್ರಿಂಟಿಂಗ್ ಪ್ರೆಸ್ಸಿನಿಂದ ಸಂಬಳ ಬಂದ ದಿನ ಮೊದಲು ಚರ್ಚಿಗೆ ದೇವರ ಹತ್ತನೆಯ ಪಾಲು, ಆಮೇಲೆ ಬಾಡಿಗೆ, ರೇಷನ್ನು, ಮಗಳ ಫೀಸು. ಇವನ್ನು ಬಿಟ್ಟು ದೊಡ್ಡದೇನಾದರೂ ಕೊಳ್ಳಬೇಕೆಂದರೆ ಮೂರು ರಾತ್ರಿ ಇಬ್ಬರೂ ಬೇರೆ ಬೇರೆಯಾಗಿ ಪ್ರಾರ್ಥಿಸಬೇಕು, ಒಬ್ಬರಿಗೊಬ್ಬರು ತುಟಿ ಬಿಚ್ಚಬಾರದು. ನಾಲ್ಕನೆಯ ಬೆಳಿಗ್ಗೆ ಚಹಾ ಕುಡಿಯುತ್ತ ಉತ್ತರ ಹೇಳಬೇಕು. ಎರಡೂ ಉತ್ತರ ಒಂದಾದರೆ ಮಾತ್ರ ಅಂಗಡಿಗೆ. ಕುಕ್ಕರ್ ಕೂಡ ಹಾಗೇ ಬಂದದ್ದು. ನೆಂಟರೆಲ್ಲ ಗೇಲಿ ಮಾಡುತ್ತಿದ್ದರು, ಮಾಡಲಿ ಬಿಡಿ. ಒಂದು ಪೈಸೆ ಸಾಲವಿಲ್ಲದ ಮನೆ ಅದು.

ಒಮ್ಮೆ ಪೇಟೆಯ ಅಂಗಡಿಯ ಗಾಜಿನಾಚೆ ಹಸಿರು ಸೋಫಾ ಕಂಡಿತ್ತು. ಇಬ್ಬರಿಗಷ್ಟೇ ಸಾಕಾಗುವಂಥದ್ದು. ಮನೆಯಲ್ಲಿದ್ದದ್ದು ಎರಡು ಬಿಡಿ ಕುರ್ಚಿ, ನಡುವೆ ಒಂದು ಮೇಜು. ಸಂಜೆ ಅವರು ಆ ಕಡೆ, ತಾನು ಈ ಕಡೆ. ಮೂರು ರಾತ್ರಿಯೂ ಆಕೆಗೆ ಪ್ರಾರ್ಥನೆ ಸಾಗಲೇ ಇಲ್ಲ. ಕಣ್ಣು ಮುಚ್ಚಿದರೆ ಸೋಫಾ, ಅದರ ಮೇಲೆ ಅವರ ಭುಜಕ್ಕೆ ತಾಗಿ ಕೂತ ತಾನು. ಇಷ್ಟು ಆಸೆ ಇದೆಯೆಂದರೆ ಇದು ದೇವರ ಮಾತಲ್ಲ, ನನ್ನ ಚಪಲ, ಎಂದು ಹೆದರಿದಳು.

"ಏನಂತೆ?" ನಾಲ್ಕನೆಯ ಬೆಳಿಗ್ಗೆ ಅವರು ಕೇಳಿದರು. ಯಾವತ್ತೂ ಮೊದಲು ಆಕೆಯೇ ಹೇಳಬೇಕು.

"ಬೇಡ ಅಂತೆ."

ಅವರು ಲೋಟದೊಳಗೆ ನೋಡುತ್ತ, "ನಂಗೂ ಹಾಗೇ," ಎಂದರು. ಆ ಮಾತು ಮತ್ತೆ ಬರಲಿಲ್ಲ.

*

ಜನ ಬಂದು ಹೋಗುತ್ತಿದ್ದರು. ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕಿದ್ದ ಗೆಳೆಯ ಬಂದ. ಗೋಂದು ಎಂದೇ ಎಲ್ಲರೂ ಕರೆಯುವವನು, ಅಂಟಿಕೊಂಡರೆ ಏಳುವ ಜಾತಿಯಲ್ಲ. ಹೆಣದ ಕಾಲು ಮುಟ್ಟಿ, ಆಕೆಯ ಎದುರಿನ ಖಾಲಿ ಕುರ್ಚಿಯಲ್ಲಿ ಕೂತ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ದೇವರು ಆ ಸೋಫಾ ವಿಷಯದಲ್ಲಿ ಸ್ವಲ್ಪ ಕಲ್ಲೆದೆ ಮಾಡಿಬಿಟ್ರು."

"ಯಾವ ಸೋಫಾ?" ಎಂದಳು, ಗೊತ್ತಿದ್ದೂ.

"ಅದೇ, ಹಸಿರುದು. ಊಟದ ಬಿಡುವಲ್ಲಿ ನನ್ನ ಎಳ್ಕೊಂಡು ಹೋಗೋನು. ಅಂಗಡಿಯವನು ಬೈದ್ರೂ ಕೇಳ್ತಿರ್ಲಿಲ್ಲ, ಕೂತು ಪಕ್ಕದ ಜಾಗಾನ ಕೈಯಲ್ಲಿ ತಟ್ಟೋನು. ನಾನು ಕೂರೋಕೆ ಹೋದ್ರೆ 'ಏಳೋ, ಅದು ಅವಳ ಜಾಗ' ಅನ್ನೋದು! ತಗೊಂಡ್ಬಿಡೋ ಮಾರಾಯ ಅಂದೆ. 'ದೇವರು ನಂಗೆ ತಗೋ ಅಂತಾನೇ ಅಂದ್ರು ಕಣೋ, ಅವಳಿಗೆ ಬೇಡ ಅಂದಿದ್ದಾರೆ. ಅವಳ ಪ್ರಾರ್ಥನೆ ಮುಂದೆ ನಂದೇನು? ನಾನೇ ತಪ್ಪಾಗಿ ಕೇಳಿಸ್ಕೊಂಡಿರ್ಬೇಕು' ಅಂದ. ಅದು ಮಾರಾಟ ಆಗೋವರೆಗೂ ಹೋಗ್ತಿದ್ವಿ."

ಆಕೆಗೆ ಮೊದಲು ನಗು ಉಕ್ಕಿತು. ಅಯ್ಯೋ ದೇವರೇ, ಎಂಥ ಪೆದ್ದುಗಳು ನಾವು! ಮರುಕ್ಷಣ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಬೆಳಗಿನಿಂದ ಬಾರದ ಅಳು ಅದು. ಆ ಮನುಷ್ಯನ ಪಕ್ಕ ಕೂರಬೇಕಿತ್ತು, ಎಷ್ಟೊಂದು ಸಂಜೆ ಕೂರಬಹುದಿತ್ತು. ಗೋಂದು ಗಾಬರಿಯಾಗಿ ನೀರು ತರಲು ಎದ್ದ.

ನೀರು ಬರುವಷ್ಟರಲ್ಲಿ ಆಕೆ ಅಂಗಳದಲ್ಲಿದ್ದಳು.

"ಅಮ್ಮಾ, ಎಲ್ಲಿಗೆ? ಪಾಸ್ಟರ್ ಬರೋ ಹೊತ್ತಾಯ್ತು!" ಮಗಳು ಹಿಂದೆ ಓಡಿದಳು.

ಚರ್ಚಿನ ಹಿಂದೆ ಸಮಾಧಿ ತೋಡುವವನು ನಾಲ್ಕು ಗೂಟಕ್ಕೆ ಹಗ್ಗ ಕಟ್ಟಿ, ಮೊಣಕಾಲುದ್ದ ತೋಡಿದ್ದ. ಆಕೆ ಏದುಸಿರು ಬಿಡುತ್ತ ಅಂಚಿಗೆ ಬಂದು ನಿಂತಳು.

"ಇಬ್ಬರಿಗೆ ಮಾಡಪ್ಪ."

"ಬೆಳಿಗ್ಗೆ ಸಾಕು ಅಂದ್ರಲ್ಲಮ್ಮ?"

"ಸಾಕು ಅಂದು ಅಂದೇ ರೂಢಿ ನಂಗೆ. ಅದನ್ನ ಬಿಟ್ಹಾಕು."

ಮಗಳು ತಾಯಿಯ ತೋಳು ಹಿಡಿದಳು. "ಮೂರು ರಾತ್ರಿ ಆಗಿಲ್ಲ, ಅಮ್ಮಾ."

"ನಿಮ್ಮಪ್ಪನ ಉತ್ತರ ಈಗ ಸಿಕ್ತು ಕಣೆ. ನಂದೂ ಅದೇ."

ಸಮಾಧಿ ತೋಡುವವನು ಹಾರೆ ಊರಿ ಮೇಲೆ ಬಂದ. "ಯಾವ ಕಡೆ ಅಗಲ ಮಾಡ್ಲಿ? ನೀವು ಅವರ ಬಲಕ್ಕೋ ಎಡಕ್ಕೋ?"

"ಎಡಕ್ಕೆ. ಮಿಷಿನ್ ಪಕ್ಕ ನಿಂತು ನಿಂತು ಅವರ ಬಲಗಿವಿ ಹೋಗಿದೆ. ಆ ಕಡೆಯಿಂದ ಎಷ್ಟು ಕೂಗಿದ್ರೂ ಕೇಳ್ಸಲ್ಲ."

ಅವನು ಎಡಗಡೆಯ ಗೂಟ ಕಿತ್ತು, ಹಗ್ಗ ಹಿಡಿದು ಹುಲ್ಲಿನ ಮೇಲೆ ಪಕ್ಕಕ್ಕೆ ನಡೆದ. ಆಕೆ ಕಣ್ಣಲ್ಲೇ ಅಳೆಯುತ್ತಿದ್ದಳು.

"ಅಷ್ಟು ದೂರ ಬೇಡಪ್ಪ," ಎಂದಳು.

ಅವನು ಅರ್ಧ ಹೆಜ್ಜೆ ಹಿಂದಕ್ಕೆ ಬಂದು ಗೂಟ ಬಡಿದ.