ಜಲಜನಕದ ಮನೆಯ ಮಾಡಿನ ಸಂದು

ಬೆಳಿಗ್ಗೆ ಹತ್ತೂಕಾಲಿಗೆ ಕರೆಂಟು ಹೋಯಿತು. ಆಗ ನಾನು ಆಸ್ಪತ್ರೆಯ ಒಳಕೋಣೆಯಲ್ಲಿ ಮಗಳು ಮ್ಯೂಸೆನಾಳ ತಲೆ ಬಾಚುತ್ತಿದ್ದೆ. ಪಕ್ಕದ ಗಾಜಿನ ಬಿಸಿಪೆಟ್ಟಿಗೆಯಲ್ಲಿ ಏಳು ತಿಂಗಳಿಗೇ ಹುಟ್ಟಿದ ನನ್ನ ಮೊಮ್ಮಗ ಮಲಗಿದ್ದ. ಹುಟ್ಟಿ ನಾಲ್ಕು ದಿನ, ಒಂದು ದೊಡ್ಡ ಬ್ರೆಡ್ಡಿನಷ್ಟು ತೂಕ. ಪೆಟ್ಟಿಗೆಯ ಗುಂಯ್‌ಗುಡುವ ಸದ್ದು ಒಮ್ಮೆ ತಡವರಿಸಿ ಮತ್ತೆ ಹಿಡಿದುಕೊಂಡಿತು.

"ಬ್ಯಾಟರಿ ಮೇಲೆ ಓಡ್ತಿದೆ," ಎಂದಳು ದಾದಿ ತೈಸಿಯಾ. "ಎರಡು ಗಂಟೆ. ಹೆಚ್ಚೆಂದ್ರೆ ಎರಡೂವರೆ."

ಹೊರಗೆ ಮೂರು ದಿನದಿಂದ ಹಿಮಗಾಳಿ. ಹೆಲಿಕಾಪ್ಟರ್ ಬರುವಂತಿರಲಿಲ್ಲ. ಹಳೆಯ ಡೀಸೆಲ್ ಜನರೇಟರನ್ನು ಬೇಸಿಗೆಯಲ್ಲೇ ದೋಣಿಗೆ ಹತ್ತಿಸಿ ಕಳಿಸಿಬಿಟ್ಟಿದ್ದರು. ಧ್ರುವದ ಅಂಚಿನ ನಮ್ಮ ಹಳ್ಳಿಗೆ ಈಗ ಕರೆಂಟು ಬರುವುದು ಜಲಜನಕದಿಂದ. ನೆಲ ಕೊರೆದ ಬಾವಿಯಿಂದ ಬರುವ ಅನಿಲವನ್ನು ಹಬೆಯ ಜೊತೆ ಕಾಯಿಸಿ ಅದನ್ನು ತೆಗೆಯುತ್ತಾರೆ, ಒತ್ತಿ ಉದ್ದುದ್ದ ಸಿಲಿಂಡರುಗಳಲ್ಲಿ ತುಂಬುತ್ತಾರೆ. ಆ ಸಿಲಿಂಡರುಗಳಿರುವ ತಗಡಿನ ಮನೆಯನ್ನು ಎರಡು ವರ್ಷದಿಂದ ಗುಡಿಸುವವಳು ನಾನು.

ಅರ್ಧ ಗಂಟೆ ಕಾದೆವು. ದೀಪ ಬರಲಿಲ್ಲ.

"ಹೋಗಿ ಕೇಳ್ಕೊಂಡು ಬಾರಮ್ಮ," ಎಂದಳು ಮ್ಯೂಸೆನಾ. "ಅವನ ಕಾಲು ತಣ್ಣಗಾಗ್ತಿದೆ."

"ಗಾಜಿನಾಚೆ ಕೂತು ನಿಂಗೆ ಹೇಗೆ ಗೊತ್ತಾಗುತ್ತೆ, ಹುಚ್ಚಿ?"

"ನಂಗೆ ಗೊತ್ತಾಗುತ್ತೆ."

ಮನೆಯಿಂದ ಮನೆಗೆ ಕಟ್ಟಿದ ಹಗ್ಗ ಹಿಡಿದು ನಡೆದೆ. ಚಾಚಿದ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಎಂಜಿನಿಯರ್ ಫ್ರೋಲಿಚ್ ತಗಡಿನ ಮನೆಯ ಪಕ್ಕದ ಅಳತೆಯಂತ್ರಗಳ ಕೋಣೆಯಲ್ಲಿ ಒಂದು ಮುಳ್ಳನ್ನೇ ನೋಡುತ್ತ ನಿಂತಿದ್ದ. ದೊಡ್ಡ ಆಳು, ಮುಖ ಮಾತ್ರ ಬೂದಿಬಣ್ಣಕ್ಕೆ ತಿರುಗಿತ್ತು.

"ಅನಿಲ ಮುಗೀತೇನಪ್ಪ?"

"ಸಿಲಿಂಡರ್ ತುಂಬಾ ಇದೆ, ಹದ್ನೆ ಚಿಕ್ಕಮ್ಮ. ಅದೇ ಸಂಕಟ. ಥಂಡಿಗೆ ರಬ್ಬರು ಕುಗ್ಗಿ ಒಂದು ಕೊಳವೆಯ ಜೋಡಣೆ ಸೋರಿತು. ಮಾಡಿನ ಕೆಳಗೆ ಅನಿಲ ಪತ್ತೆಹಚ್ಚೋ ಯಂತ್ರಕ್ಕೆ ಅದು ಗೊತ್ತಾಗಿ ಎಲ್ಲಕ್ಕೂ ಬೀಗ ಹಾಕ್ಬಿಡ್ತು. ಸೋರೋದನ್ನ ನಿಲ್ಲಿಸಿ ಇಪ್ಪತ್ತು ನಿಮಿಷ ಆಯ್ತು, ಬಾಗಿಲೂ ತೆಗೆದಿಟ್ಟಿದ್ದೀನಿ. ಈ ದರಿದ್ರ ಮುಳ್ಳು ಇಳೀತಿಲ್ಲ. ಅದು ಇಳಿಯೋವರೆಗೂ ಬೀಗ ಬಿಚ್ಚಲ್ಲ."

"ಬಾಗಿಲು ತೆಗೆದ್ರೂ ಹೋಗ್ತಿಲ್ವಾ?"

"ಹಗುರ ಅಲ್ವಾ ಅದು, ಮೇಲೇ ಹೋಗಿ ಕೂರುತ್ತೆ. ಮಾಡಿನ ತುದೀಲಿ ಉದ್ದಕ್ಕೂ ಸಂದು ಬಿಟ್ಟಿರೋದು ಅದಕ್ಕೇ ತಾನೇ? ಅಲ್ಲಿಂದ ತಾನಾಗೇ ಹೋಗ್ಬೇಕಿತ್ತು."

ಆ ಸಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಊರಿನಲ್ಲಿ ಅಕ್ಟೋಬರ್ ಬಂತೆಂದರೆ ಹೆಂಗಸರೆಲ್ಲ ಪಾಚಿ ಒಣಗಿಸಿ ಕಿಟಕಿ, ಬಾಗಿಲು, ಮರದ ದಿಮ್ಮಿಗಳ ನಡುವೆ ತುರುಕುತ್ತೇವೆ. ಸಂದು ಬಿಟ್ಟವಳನ್ನು ಸೋಮಾರಿ ಎನ್ನುತ್ತಾರೆ. ಈ ಅಕ್ಟೋಬರಿನಲ್ಲಿ ತಗಡಿನ ಮನೆ ಗುಡಿಸುವಾಗ ಮಾಡಿನಿಂದ ಹಿಮ ಉದುರುತ್ತಿತ್ತು. ಕಟ್ಟಿದವರು ಮುಚ್ಚಲು ಮರೆತಿದ್ದಾರೆ, ಪಾಪ, ಫ್ರೋಲಿಚ್ ಚಳಿಯಲ್ಲಿ ಕೆಲಸ ಮಾಡುತ್ತಾನೆ ಎಂದುಕೊಂಡು ಏಣಿ ಹಾಕಿ ಮೂರು ಚೀಲ ಪಾಚಿ ತುರುಕಿದ್ದೆ. ಇಷ್ಟು ದಿನ ಅದರ ಎಳೆಗಳ ನಡುವೆ ಗಾಳಿ ಆಡುತ್ತಿತ್ತೇನೋ. ಈ ಹಿಮಗಾಳಿಗೆ ಕಲ್ಲಾಗಿರಬೇಕು.

ಹೇಳಿದೆ. ಅವನು ಮುಳ್ಳು ಬಿಟ್ಟು ನನ್ನ ಕಡೆ ತಿರುಗಿದ.

"ಡೇರೆಯಲ್ಲಿ ಹುಟ್ಟಿದವಳು ನೀನು! ಡೇರೆ ನೆತ್ತಿ ಮುಚ್ಚಿದ್ರೆ ಒಳಗಿರೋರು ಏನಾಗ್ತಾರೆ ಅಂತ ನಿಂಗೆ ನಾನು ಹೇಳ್ಬೇಕಾ?"

ಬೇಕಿರಲಿಲ್ಲ. ಹಿಮಸಾರಂಗಗಳ ಹಿಂದೆ ಅಲೆಯುತ್ತಿದ್ದಾಗ ಹೊಗೆ ಹೋಗುವ ನೆತ್ತಿಯನ್ನು ಕನಸಿನಲ್ಲೂ ಮುಚ್ಚಿದವಳಲ್ಲ ನಾನು. ಮೂವತ್ತು ವರ್ಷ ಮರದ ಮನೆಯಲ್ಲಿದ್ದು ಅದೊಂದು ಮರೆತೆ.

"ನಾನೇ ಹತ್ತಿ ತೆಗೀತೀನಿ," ಎಂದೆ. "ನಿನ್ನ ಭಾರಕ್ಕೆ ಆ ತಗಡು ನಿಲ್ಲೋದಿಲ್ಲ."

"ಕಬ್ಬಿಣ ಮುಟ್ಟಿಸ್ಬೇಡ. ಈ ತುಪ್ಪಳದ ಅಂಗೀನೂ ಬಿಚ್ಚು. ಉಜ್ಜಿ ಒಂದು ಕಿಡಿ ಹಾರಿದ್ರೆ ನೀನೂ ಇಲ್ಲ, ನಾನೂ ಇಲ್ಲ, ಆ ಮಗೂನೂ ಇಲ್ಲ."

ಅವನ ಹತ್ತಿಬಟ್ಟೆಯ ಕೆಲಸದ ಅಂಗಿ ತೊಟ್ಟು, ಹಬೆಯ ಬಾಯ್ಲರಿನಲ್ಲಿ ಇನ್ನೂ ಉಳಿದಿದ್ದ ಬಿಸಿನೀರನ್ನು ಕೆಟಲಿಗೆ ತುಂಬಿ, ಮರದ ಸೌಟು ತೆಗೆದುಕೊಂಡು ಹೊರಗಿನಿಂದ ಹತ್ತಿದೆ. ಅವನು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಕೆಳಗೆ ಹಿಡಿದು ನಿಂತ. ಮಾಡಿನ ಮೇಲೆ ಹೊಟ್ಟೆ ಊರಿ ಮಲಗಿ, ಸೌಟಿನಿಂದ ಮೀಟಿ ಬರಿಗೈಯಲ್ಲಿ ಪಾಚಿ ಕಿತ್ತೆ. ನೀರು ಸುರಿದ ಕಡೆ ಒಂದು ಹಿಡಿ ಬಂತು. ಮುಂದಿನ ಹಿಡಿಗೆ ಕೈ ಹಾಕುವಷ್ಟರಲ್ಲಿ ಅದು ಮತ್ತೆ ಹೆಪ್ಪುಗಟ್ಟಿತ್ತು. ಎಷ್ಟು ಚೆನ್ನಾಗಿ ತುರುಕಿದ್ದೆ! ಒಂದೊಂದು ಬೆರಳಗಲವನ್ನೂ ಒತ್ತಿ ಒತ್ತಿ, ಮಗುವಿಗೆ ಹೊದಿಕೆ ಸಿಕ್ಕಿಸಿದ ಹಾಗೆ. ಕೆಳಗಿನಿಂದ ಫ್ರೋಲಿಚ್ ಮೂರು ಸಲ ಕೆಟಲು ತುಂಬಿ ಕೊಟ್ಟ. ನಾಲ್ಕನೆಯ ಸಲ ಕೆಟಲಿನ ಹಿಡಿ ನನ್ನ ಬೆರಳಿಗೆ ತಿಳಿಯಲೇ ಇಲ್ಲ. ಆಮೇಲೆ ಮೊಣಕೈಯಿಂದ ಗುದ್ದಿದೆ, ಹಲ್ಲಿನಿಂದ ಕಚ್ಚಿ ಎಳೆದೆ.

"ಇಳೀತು!" ಎಂದು ಅವನು ಕೂಗಿದಾಗ ಅರ್ಧ ಸಂದು ಮಾತ್ರ ತೆರೆದಿತ್ತು. "ಇಳೀತು ಚಿಕ್ಕಮ್ಮ, ಸಾಕು, ಬಾ!"

ನಾನು ಇನ್ನೂ ಕೀಳುತ್ತಲೇ ಇದ್ದೆನಂತೆ. ಅವನು ಹಗ್ಗ ಎಳೆದು ಇಳಿಸಿದ.

ಆಸ್ಪತ್ರೆ ತಲುಪಿದಾಗ ಒಂದು ಗಂಟೆ ದಾಟಿತ್ತು. ದೀಪ ಉರಿಯುತ್ತಿತ್ತು. ಬ್ಯಾಟರಿ ಅದಕ್ಕೂ ಮೊದಲೇ ಕೈಕೊಟ್ಟಿತ್ತಂತೆ; ಇಪ್ಪತ್ತು ನಿಮಿಷ ಮಗುವನ್ನು ಮ್ಯೂಸೆನಾ ಬರಿಯೆದೆಗೆ ಒತ್ತಿಕೊಂಡು ಕುಳಿತಿದ್ದಳು. ಎರಡು ಸಲ ಅದು ಉಸಿರು ಮರೆತಿತ್ತು. ತೈಸಿಯಾ ಅಂಗಾಲಿಗೆ ಹೊಡೆದು ನೆನಪಿಸಿದ್ದಳು. ಈಗ ಅದು ಮತ್ತೆ ಪೆಟ್ಟಿಗೆಯಲ್ಲಿತ್ತು. ತುಟಿಯ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಬದುಕುತ್ತಾ?" ಎಂದೆ.

"ಹೆಲಿಕಾಪ್ಟರ್ ಬರ್ಲಿ," ಎಂದಳು ತೈಸಿಯಾ. ನನ್ನ ಕೈ ನೋಡಿ, "ಅಯ್ಯೋ, ಇದೇನು ಮಾಡ್ಕೊಂಡೆ?" ಎಂದು ಬಟ್ಟೆ ಸುತ್ತತೊಡಗಿದಳು. ಎರಡು ಬೆರಳು ಮೇಣದಂತೆ ಬೆಳ್ಳಗಾಗಿದ್ದವು.

ಮ್ಯೂಸೆನಾ ನನ್ನನ್ನೇ ನೋಡುತ್ತಿದ್ದಳು. "ನೀನೇ ಸರಿಮಾಡಿದ್ಯಾ ಅಮ್ಮ? ಏನಾಗಿತ್ತು?"

ಸುಮ್ಮನಿರಬಹುದಿತ್ತು. ಫ್ರೋಲಿಚ್ ಬಾಯಿ ಬಿಡುವವನಲ್ಲ. ಆದರೆ ಇವಳು ಚಿಕ್ಕವಳಿದ್ದಾಗ ಏನು ಮುರಿದರೂ ಬಂದು ನನಗೆ ಹೇಳುತ್ತಿದ್ದಳು. ಹಾಗೆಂದು ಕಲಿಸಿದವಳು ನಾನು.

"ಸಂದು ಮುಚ್ಚಿದ್ದು ನಾನೇ ಕಂದಾ," ಎಂದೆ. ಎಲ್ಲವನ್ನೂ ಹೇಳಿದೆ.

ಅವಳು ಪೆಟ್ಟಿಗೆಯ ಕಡೆ ಹೊರಳಿ ಅದರ ಗಾಜಿಗೆ ಹಣೆ ಹಚ್ಚಿದಳು.

"ಹೇಳದೇ ಇದ್ದಿದ್ರೆ ನಿನ್ನ ಇಲ್ಲೇ ಕೂರಿಸ್ಕೋತಿದ್ದೆ," ಎಂದಳು. "ಈಗ ಆಗಲ್ಲಮ್ಮ. ಸ್ವಲ್ಪ ಹೊರಗಿರು."

ಕೋಣೆಯ ಹೊರಗಿನ ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತೆ. ಬಾಗಿಲಿನಾಚೆ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಸದ್ದು ಸ್ವಲ್ಪ ಸಣ್ಣದಾಯಿತು ಎನ್ನಿಸಿದಾಗೆಲ್ಲ ಎದ್ದು ನಿಲ್ಲುತ್ತಿದ್ದೆ. ಬಾಗಿಲು ತಟ್ಟಲು ಧೈರ್ಯವಾಗದೆ ಮತ್ತೆ ಕುಳಿತುಕೊಳ್ಳುತ್ತಿದ್ದೆ.